ಅನುಭವ ಕೇಳದೆ ಕೆಲಸ ಕೊಟ್ಟವರು

ಕಳೆದ ಚಳಿಗಾಲದಲ್ಲಿ ಒಂದು ಸಂದರ್ಶನಕ್ಕೆಂದು ಮೈಸೂರಿಗೆ ಹೋಗಿದ್ದೆ. ಹರಿಹರದಲ್ಲಿ ರಾತ್ರಿ ರೈಲು ಹತ್ತಿದವನು ಬೆಳಿಗ್ಗೆ ಮೈಸೂರಿನಲ್ಲಿ ಇಳಿದೆ. ಸಂದರ್ಶನ ಹತ್ತು ನಿಮಿಷಕ್ಕೆ ಮುಗಿಯಿತು. ನನ್ನ ಮೆಕ್ಯಾನಿಕಲ್ ಡಿಪ್ಲೊಮಾದ ಅಂಕಪಟ್ಟಿ ನೋಡಿದರು, ಎರಡು ಪ್ರಶ್ನೆ ಕೇಳಿದರು, ಆಮೇಲೆ ಎಷ್ಟು ವರ್ಷದ ಅನುಭವ ಇದೆ ಎಂದರು. ಇಲ್ಲ ಎಂದೆ. ಸರಿ, ತಿಳಿಸುತ್ತೇವೆ ಎಂದರು. ಕೆಲಸ ಹುಡುಕುತ್ತಿರುವ ಯಾರಿಗೂ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ವಾಪಸು ಹೋಗುವ ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಸ್ಟೇಷನ್ನಿಗೆ ಹತ್ತಿರವೇ ಇರುವ ರೈಲ್ವೆ ಮ್ಯೂಸಿಯಂ ನೋಡೋಣ ಎಂದು ನಡೆದೆ. ಅಂದು ನಗರದಲ್ಲಿ ಹಳೆಯ ಕಾರುಗಳ ಪ್ರದರ್ಶನವೂ ಇತ್ತು. ದುಂಡು ದೀಪದ, ಉದ್ದ ಮೂತಿಯ ಕಾರುಗಳು ಸಾಲಾಗಿ ನಿಂತಿದ್ದವು. ಮಾಲೀಕರು ಬಟ್ಟೆ ಹಿಡಿದು ಬಾನೆಟ್ ಒರೆಸುತ್ತಿದ್ದರು. ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಂದು ಕಾರಿನ ಪಕ್ಕ ನಾನೂ ಒಂದು ಫೋಟೊ ತೆಗೆಸಿಕೊಂಡು ಮುಂದೆ ಹೋದೆ.

ಮೈಸೂರಿನ ರೈಲ್ವೆ ಮ್ಯೂಸಿಯಂ ಶುರುವಾದದ್ದು 1979ರಲ್ಲಿ. ಹಳೆಯ ಉಗಿ ಎಂಜಿನುಗಳು, ಸಿಗ್ನಲ್ ಕಂಬಗಳು, ಮಹಾರಾಣಿಯವರು ಪ್ರಯಾಣಿಸುತ್ತಿದ್ದ 1899ರ ಸಲೂನ್ ಬೋಗಿ ಅಲ್ಲಿವೆ. ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಹಳಿಯ ಮೇಲೆ ನಿಂತಿದ್ದ ಒಂದು ಕಾರು. 1925ರ ಆಸ್ಟಿನ್. ಹೊರಗಿನ ಪ್ರದರ್ಶನದಲ್ಲಿ ಕಂಡ ಕಾರುಗಳ ಸೋದರ ಸಂಬಂಧಿಯಂತೆಯೇ ಇತ್ತು. ವ್ಯತ್ಯಾಸ ಒಂದೇ, ರಬ್ಬರ್ ಟಯರಿನ ಜಾಗದಲ್ಲಿ ಉಕ್ಕಿನ ರೈಲು ಚಕ್ರ. ರಸ್ತೆಯಲ್ಲಿ ಓಡಲು ಹುಟ್ಟಿದ ಕಾರನ್ನು ರೈಲ್ವೆಯವರು ಹಳಿ ಮೇಲೆ ಓಡುವಂತೆ ಮಾಡಿಕೊಂಡಿದ್ದರು.

ರೈಲು ಚಕ್ರ ನೋಡಲು ಸುಲಭ, ಮಾಡಲು ಕಷ್ಟ. ಹಳಿಯಿಂದ ಜಾರದಂತೆ ಒಳಬದಿಗೆ ಅಂಚು ಇರಬೇಕು. ಹಳಿಯ ಮೇಲೆ ಉರುಳುವ ಮೈ ಸಪಾಟಾಗಿರದೆ ಸ್ವಲ್ಪ ಇಳಿಜಾರಾಗಿರಬೇಕು. ಎರಡೂ ಕಡೆಯ ಚಕ್ರದ ಅಳತೆ ಒಂದೇ ಇರಬೇಕು. ಇಂಥ ಕೆಲಸ ಆಗುವುದು ಲೇಥ್ ಮೇಲೆ. ಅದನ್ನು ಯೋಚಿಸುತ್ತಿದ್ದಾಗ ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಓದುವಾಗ ಕೈ ಪಳಗಿಸಿಕೊಂಡ ಲೇಥ್ ನೆನಪಾಯಿತು. ಅದರ ಹಸಿರು ಮೈಮೇಲೆ ಎರಕದ ಅಕ್ಷರಗಳಲ್ಲಿ ಮೈಸೂರು ಕಿರ್ಲೋಸ್ಕರ್, ಹರಿಹರ ಎಂದಿತ್ತು. ಮೂರು ವರ್ಷ ಆ ಹೆಸರಿನ ಮೇಲೆ ಕುಳಿತ ಎಣ್ಣೆ ಒರೆಸಿದ್ದೇನೆ. ಅದು ಒಬ್ಬ ಮನುಷ್ಯನ ಮನೆತನದ ಹೆಸರು, ಆ ಮನುಷ್ಯ ಯಾರು ಎಂದು ಹುಡುಕಿ ಓದಿದ್ದು ಮಾತ್ರ ಮೈಸೂರಿನಿಂದ ಬಂದ ಮೇಲೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ವೇದಾಂತ ಬಲ್ಲ ಪಂಡಿತರು. ಮಗನಿಗೆ ಮಾತ್ರ ಪಾಠಕ್ಕಿಂತ ಚಿತ್ರ ಬರೆಯುವುದು, ಕೈಗೆ ಸಿಕ್ಕ ಯಂತ್ರದ ಸಾಮಾನು ಬಿಚ್ಚಿ ನೋಡುವುದು ಇಷ್ಟ. ಹಟ ಹಿಡಿದು ಮುಂಬೈಗೆ ಹೋಗಿ ಜೆ.ಜೆ. ಕಲಾ ಶಾಲೆ ಸೇರಿದರು. ಕೆಲ ಕಾಲದಲ್ಲೇ ತಮಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಗೊತ್ತಾಯಿತು. ಭಾಗಶಃ ಬಣ್ಣಗುರುಡು. ಚಿತ್ರಕಾರನಾಗಬೇಕೆಂದು ಊರು ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ?

ಬಣ್ಣ ಹೋಯಿತು, ಗೆರೆ ಉಳಿಯಿತು. ಅವರು ಯಂತ್ರಗಳ ಡ್ರಾಯಿಂಗ್ ಕಲಿತರು. ಅದಕ್ಕೆ ಬೇಕಾದದ್ದು ನೇರ ಗೆರೆ, ನಿಖರ ಅಳತೆ. ಆ ವಿದ್ಯೆಯೇ ಅವರಿಗೆ ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಧ್ಯಾಪಕನ ಕೆಲಸ ಕೊಡಿಸಿತು. ಬಿಡುವಿನ ಹೊತ್ತಿನಲ್ಲಿ ಯಂತ್ರಗಳ ಜೊತೆಯೇ ಇರುತ್ತಿದ್ದರು. ಪದವಿ ಇಲ್ಲದ ಅವರು ಎಂಜಿನಿಯರ್ ಆದದ್ದು ಹೀಗೆ, ಪುಸ್ತಕ ಓದಿ ಮತ್ತು ಕೈ ಮಸಿ ಮಾಡಿಕೊಂಡು.

ಆ ದಿನಗಳಲ್ಲಿ ಸೈಕಲ್ ಎಂದರೆ ಇಂದಿನ ದುಬಾರಿ ಬೈಕಿದ್ದ ಹಾಗೆ, ನೋಡಲು ಜನ ಸೇರುತ್ತಿದ್ದರು. ಲಕ್ಷ್ಮಣರಾಯರು ಮುಂಬೈಯಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣನಿಗೆ ಕಳಿಸುತ್ತಿದ್ದರು. ಅಣ್ಣ ಅವನ್ನು ಮಾರಿ, ಕೊಂಡವರಿಗೆ ಓಡಿಸುವುದನ್ನೂ ಕಲಿಸುತ್ತಿದ್ದರು. ಕಿರ್ಲೋಸ್ಕರ್ ಉದ್ಯಮ ಇಂದಿಗೂ ತನ್ನ ವಯಸ್ಸನ್ನು ಲೆಕ್ಕ ಹಾಕುವುದು 1888ರಿಂದ, ಆ ಸೈಕಲ್ ವ್ಯಾಪಾರದಿಂದ. ಮುಂದೆ ಕಾಲೇಜಿನಲ್ಲಿ ಅವರಿಗೆ ಬರಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತೀಯರಿಗೆ ಇದು ಹೊಸದೇನಲ್ಲ. ಅವರು ಕೆಲಸ ಬಿಟ್ಟು ಬೆಳಗಾವಿಯ ರೈಲು ಹತ್ತಿದರು.

ಸೈಕಲ್ ಅಂಗಡಿ ನಿಧಾನಕ್ಕೆ ಕಾರ್ಖಾನೆಯಾಯಿತು. ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು. ಇಲ್ಲಿ ನಾವೆಲ್ಲ ಗಮನಿಸಬೇಕಾದ ಸಂಗತಿ ಇದೆ. ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು. ತಲೆತಲಾಂತರದಿಂದ ಮರದ ನೇಗಿಲು ಹೂಡಿದವರಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರ ಮಾತು ಯಾಕೆ ರುಚಿಸಬೇಕು? ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ನಾವು ಎರಡು ತಿಂಗಳು ಉತ್ತರ ಬಾರದಿದ್ದರೆ ಅರ್ಜಿ ಹಾಕುವುದನ್ನೇ ಬಿಡುತ್ತೇವೆ. ಅವರು ಆ ಕಾಲದಲ್ಲಿ ನೇಗಿಲನ್ನು ತಿದ್ದುತ್ತಾ, ಬೇರೆ ಚಿಕ್ಕಪುಟ್ಟ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಾ ಕಾದರು.

ನೇಗಿಲು ಓಡತೊಡಗುವ ಹೊತ್ತಿಗೆ ಇನ್ನೊಂದು ತೊಂದರೆ. ಹೊಸ ಬಡಾವಣೆಗಾಗಿ ಬೆಳಗಾವಿಯ ಕಾರ್ಖಾನೆಯ ಜಾಗ ತೆರವು ಮಾಡಬೇಕಾಗಿ ಬಂತು. ಕೈಯಲ್ಲಿ ಹಣವಿಲ್ಲ, ಯಂತ್ರಗಳನ್ನಿಡಲು ನೆಲೆಯಿಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ಜಾಗ ಮತ್ತು 10,000 ರೂಪಾಯಿ ಸಾಲ ಕೊಟ್ಟರು. ಸಾಲಕ್ಕೆ ಬಡ್ಡಿಯಿರಲಿಲ್ಲ. ಜಾಗವೋ, ಪಾಪಾಸುಕಳ್ಳಿ ಬೆಳೆದು ಹಾವುಗಳು ಹರಿದಾಡುತ್ತಿದ್ದ ಬರಡು ನೆಲ. 1910ರಲ್ಲಿ ಅಲ್ಲಿ ಎದ್ದು ನಿಂತ ಊರೇ ಕಿರ್ಲೋಸ್ಕರ್‌ವಾಡಿ. ಈಗ ಆ ನಿಲ್ದಾಣದ ಹೆಸರೂ ಅದೇ.

ಅವರ ಜೀವನದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಮುಂದಿನದು. ಆ ಬರಡು ನೆಲದಲ್ಲಿ ಕಾರ್ಖಾನೆ ಕಟ್ಟಲು ಲಕ್ಷ್ಮಣರಾಯರ ಜೊತೆ ಬಂದವರು ದೊಡ್ಡ ಪದವೀಧರರಲ್ಲ. ಶಾಲೆ ಅರ್ಧಕ್ಕೇ ಬಿಟ್ಟವರು ಇದ್ದರು. ಬೇರೆಡೆ ಪ್ರಯೋಜನವಿಲ್ಲ ಎನಿಸಿಕೊಂಡವರು ಇದ್ದರು. ಸುತ್ತಲ ಹಳ್ಳಿಗಳಿಂದ ಬಂದ, ಯಂತ್ರವನ್ನು ಎಂದೂ ಮುಟ್ಟಿರದ ಕೈಗಳಿದ್ದವು. ಅವರಿಗೆ ಕೆಲಸ ಕೊಟ್ಟು, ಕೆಲಸದಲ್ಲೇ ಕೆಲಸ ಕಲಿಸಿದರು. ಜೈಲುವಾಸ ಕಂಡು ಬಂದವರನ್ನು ಊರಿನ ರಾತ್ರಿ ಕಾವಲಿಗೆ ಇಟ್ಟರು. ಕಳ್ಳರೆಂದು ಜಗತ್ತು ದೂರ ಇಟ್ಟವರ ಕೈಗೇ ಮನೆಗಳ ರಕ್ಷಣೆ ಕೊಟ್ಟರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಜಾಗವಿರಲಿಲ್ಲ. ಇದೆಲ್ಲ ಒಂದು ಶತಮಾನಕ್ಕೂ ಹಿಂದೆ ಎಂಬುದನ್ನು ನೆನಪಿಡಿ.

ಮೊದಲ ಮಹಾಯುದ್ಧ ಬಂದಾಗ ಕಬ್ಬಿಣ ಸಿಗದಾಯಿತು. ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ ಕೋಟೆಯ ಹಳೆಯ ತೋಪುಗಳನ್ನು ಕರಗಿಸಿ ನೇಗಿಲು ಮಾಡಿದರು. ಯುದ್ಧದ ಕಾಲದಲ್ಲಿ ತೋಪು ನೇಗಿಲಾಗುವುದು ಎಷ್ಟು ಅಪರೂಪ! ಕ್ರಮೇಣ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು, ಎಂಜಿನ್ ಎಲ್ಲ ಅಲ್ಲಿ ತಯಾರಾದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಕೈಜೋಡಿಸಿದರು.

ಇನ್ನು ನಮ್ಮ ಹರಿಹರದ ಮಾತು. ಮ್ಯಾಪು ತೆಗೆದು ನೋಡಿದರೆ ಒಂದು ಸೊಗಸು ಕಾಣುತ್ತದೆ. ಪುಣೆಯಿಂದ ಬೆಂಗಳೂರಿಗೆ ಹಿಂದೆ ಒಂದು ಮೀಟರ್‌ಗೇಜ್ ಹಳಿ ಇತ್ತು. ಮ್ಯೂಸಿಯಂನಲ್ಲಿ ನಿಂತಿರುವಂಥ ಪುಟ್ಟ ಉಗಿ ಎಂಜಿನುಗಳು ಓಡುತ್ತಿದ್ದ, ಒಂದು ಮೀಟರ್ ಅಗಲದ ಹಳಿ. ಕುಂಡಲ್ ರೋಡ್, ಬೆಳಗಾವಿ, ಹರಿಹರ, ದಾವಣಗೆರೆ ನಾಲ್ಕೂ ಅದೇ ಹಳಿಯ ನಿಲ್ದಾಣಗಳು. ಸೈಕಲ್ ಅಂಗಡಿಯಿಂದ ಲೇಥ್ ಕಾರ್ಖಾನೆಯವರೆಗಿನ ಅವರ ದಾರಿ ಒಂದೇ ರೈಲು ಮಾರ್ಗದಲ್ಲಿದೆ. 1941ರಲ್ಲಿ, ಎರಡನೇ ಮಹಾಯುದ್ಧದಿಂದಾಗಿ ಹೊರದೇಶದ ಯಂತ್ರಗಳು ಬರುವುದು ಕಷ್ಟವಾಗಿದ್ದಾಗ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲಕ್ಷ್ಮಣರಾಯರಿಗೆ ಆಗ 72 ವರ್ಷ. ಯಂತ್ರ ತಯಾರಿಸುವ ಯಂತ್ರ, ಅಂದರೆ ಲೇಥ್, ಇಲ್ಲಿನ ಕೆಲಸ. ಕಾರ್ಖಾನೆಯ ಸುತ್ತಲ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರು ಬಿತ್ತು. ಇಲ್ಲಿಂದ ಹೋದ ಲೇಥುಗಳು ದೇಶದ ಎಷ್ಟೋ ಐಟಿಐ, ಪಾಲಿಟೆಕ್ನಿಕ್, ವರ್ಕ್‌ಶಾಪುಗಳಲ್ಲಿ ಹುಡುಗರಿಗೆ ಕೆಲಸ ಕಲಿಸಿವೆ. ಅವರಲ್ಲಿ ನಾನೂ ಒಬ್ಬ.

ಲಕ್ಷ್ಮಣರಾಯರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಅವರು ಹುಟ್ಟಿದ ಬೆಳಗಾವಿ ಜಿಲ್ಲೆ ಮತ್ತು ಅವರ ಹೆಸರಿನ ಕಾರ್ಖಾನೆಯಿದ್ದ ಹರಿಹರ ಒಂದೇ ರಾಜ್ಯಕ್ಕೆ ಸೇರಲು ಆಗ ಐದು ವಾರ ಬಾಕಿ ಇತ್ತು. ಅವರ ಜನ್ಮಶತಮಾನೋತ್ಸವದ ವರ್ಷ 1969ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಹರಿಹರದ ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ನಮ್ಮ ಓರಗೆಯವರು ರೆಸ್ಯೂಮೆ ಹಿಡಿದು ಬೆಂಗಳೂರು, ಮೈಸೂರು, ಪುಣೆಯ ರೈಲು ಹತ್ತುತ್ತೇವೆ. ಲಕ್ಷ್ಮಣರಾಯರ ಕಥೆ ಓದಿದ ಮಾತ್ರಕ್ಕೆ ನಾವೆಲ್ಲ ಉದ್ಯಮಿಗಳಾಗುತ್ತೇವೆ ಎಂದು ನಾನು ಹೇಳಲಾರೆ. ಅವರ ಬೆನ್ನಿಗೆ ಅಣ್ಣ ಇದ್ದರು, ಬಡ್ಡಿ ಕೇಳದೆ ಸಾಲ ಕೊಟ್ಟ ರಾಜರಿದ್ದರು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ. ಆದರೆ ತಮ್ಮ ಮೇಲೆ ಒಬ್ಬರು ಇಟ್ಟ ನಂಬಿಕೆಯನ್ನು ಅವರು ನೂರು ಜನರಿಗೆ ಹಂಚಿದರು. ಯಾರಾದರೂ ಮೊದಲು ನಂಬಿ ಕೆಲಸ ಕೊಟ್ಟರೆ ತಾನೆ ಅನುಭವ ಬರುವುದು? ಕೆಲಸ ಕೊಡುವ ಜಾಗದಲ್ಲಿ ಕುಳಿತವರು ಇದನ್ನೊಮ್ಮೆ ಯೋಚಿಸಬೇಕು. ನಾಳೆ ಆ ಕುರ್ಚಿಯಲ್ಲಿ ನಾವು ಕುಳಿತರೆ ನಾವೂ ಮರೆಯಬಾರದು.

ಅಲ್ಲಿಯವರೆಗೆ ಏನು ಮಾಡುವುದು? ದಾವಣಗೆರೆಯ ಪಿ.ಬಿ. ರಸ್ತೆಯ ಬಳಿ ನನ್ನ ಸೋದರಮಾವನ ಚಿಕ್ಕ ವರ್ಕ್‌ಶಾಪ್ ಇದೆ. ಅಲ್ಲೂ ಇರುವುದು ಹರಿಹರದ ಹಳೆಯ ಲೇಥೇ. ವಾರಕ್ಕೆ ನಾಲ್ಕು ದಿನ ಅಲ್ಲಿಗೆ ಹೋಗುತ್ತಿದ್ದೇನೆ. ಮೊದಲ ತಿಂಗಳು ಮಾವ ಕಬ್ಬಿಣದ ಚೂರು ಗುಡಿಸಲು ಹಚ್ಚಿದ, ಆಮೇಲೆ ಬುಷ್ ಕಡೆಯಲು ಕೊಟ್ಟ. ಈಗ ಟ್ರ್ಯಾಕ್ಟರ್ ಟ್ರೇಲರಿನ ಪಿನ್ನು, ಪಂಪಿನ ಶಾಫ್ಟು ನಾನೇ ಕಡೆಯುತ್ತೇನೆ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂದರ್ಶನವಿದೆ. ಈ ಸಲ ಅಂಕಪಟ್ಟಿಯ ಜೊತೆ ನಾನೇ ಕಡೆದ ಒಂದು ಶಾಫ್ಟನ್ನೂ ಅದರ ಡ್ರಾಯಿಂಗನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅನುಭವ ಎಷ್ಟು ಎಂದು ಕೇಳಿದರೆ ಮೇಜಿನ ಮೇಲೆ ಅದನ್ನಿಟ್ಟು, ಅಳತೆ ನೋಡಿ ಸರ್ ಎನ್ನುತ್ತೇನೆ.