ನಮ್ಮ ಕಬ್ಬಿಗೆ ಸಿಹಿ ತುಂಬಿದ್ದು ಜಾನಕಿ ಅಮ್ಮಾಳ್ ಅವರೇನಾ? ಫಾರ್ವರ್ಡ್‌ನಲ್ಲಿ ಇಲ್ಲದ ಕಥೆ

ಜಾನಕಿ ಅಮ್ಮಾಳ್ ಬರುವ ಮೊದಲು ಭಾರತದ ಕಬ್ಬು ಸಪ್ಪೆ ಇತ್ತು, ಅದಕ್ಕೆ ಸಿಹಿ ಕೊಟ್ಟಿದ್ದೇ ಆ ಮಹಿಳೆ ಎನ್ನುವ ಸಂದೇಶ ಆಗಾಗ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತದೆ. ಅಮೆರಿಕದಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರೇ ಎಂಬ ಮಾತೂ ಅದರ ಜೊತೆಗಿರುತ್ತದೆ. ನಿಮಗೂ ಬಂದಿರಬಹುದು, ನೀವೂ ಯಾರಿಗಾದರೂ ಕಳಿಸಿರಬಹುದು.

ಎರಡೂ ಮಾತು ತಪ್ಪು. ಆದರೆ ಜಾನಕಿ ಅಮ್ಮಾಳ್ ದೊಡ್ಡ ವಿಜ್ಞಾನಿ ಎನ್ನುವುದು ನೂರಕ್ಕೆ ನೂರು ನಿಜ.

ಮೊದಲು ಕಬ್ಬಿನ ಲೆಕ್ಕ ಮುಗಿಸೋಣ. ಉಗಾರ ಬುದ್ರುಕ, ಕಾಗವಾಡ, ಅಥಣಿ ಕಡೆ ಕೃಷ್ಣಾ ದಂಡೆಯಲ್ಲಿ ಕಬ್ಬು ಹಚ್ಚುವ ಯಾರನ್ನಾದರೂ ಕೇಳಿ, 'ಕೋ 86032' ತಳಿಯ ಹೆಸರು ಗೊತ್ತಿರುತ್ತದೆ. ಆ 'ಕೋ' ಅಂದರೆ ಕೊಯಮತ್ತೂರು. ಅಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಶುರುವಾದದ್ದು 1912ರಲ್ಲಿ. ಕಬ್ಬು ಎಲ್ಲ ಊರಲ್ಲೂ ಹೂಬಿಟ್ಟು ಬೀಜ ಕಟ್ಟುವುದಿಲ್ಲ. ಕೊಯಮತ್ತೂರಿನ ಹವೆಯಲ್ಲಿ ಕಟ್ಟುತ್ತದೆ, ಅದಕ್ಕೇ ಆ ಜಾಗ. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅಲ್ಲಿ ದಪ್ಪ, ರಸಭರಿತ ಕಬ್ಬನ್ನು ಹೊಳೆದಂಡೆಯಲ್ಲಿ ತಾನೇ ಬೆಳೆಯುವ, ಬೆಳ್ಳನೆ ಕುಚ್ಚಿನಂಥ ಹೂ ಬಿಡುವ ಕಾಡು ಹುಲ್ಲಿನ ಜೊತೆ ಕೂಡಿಸಿದರು. ಆ ಹುಲ್ಲು ಕಬ್ಬಿನ ಕಾಡು ಬಂಧು. ಹೀಗೆ ಹುಟ್ಟಿದ 'ಕೋ 205' ತಳಿ 1918ರಲ್ಲಿ ಉತ್ತರ ಭಾರತದ ರೈತರ ಕೈಗೆ ಹೋಯಿತು. ಆಗ ಜಾನಕಿ ಅವರಿಗೆ ಇಪ್ಪತ್ತೊಂದೂ ತುಂಬಿರಲಿಲ್ಲ. ಅವರು ಕೊಯಮತ್ತೂರಿಗೆ ಕೆಲಸಕ್ಕೆ ಸೇರಿದ್ದು 1934ರಲ್ಲಿ, ಅಷ್ಟು ಹೊತ್ತಿಗೆ 'ಕೋ' ತಳಿಗಳು ಉತ್ತರ ಭಾರತದ ತುಂಬ ಹರಡಿದ್ದವು.

ಇನ್ನು ಅದಕ್ಕೂ ಮೊದಲು ನಮ್ಮ ಕಬ್ಬು ಸಪ್ಪೆ ಇತ್ತೇ? ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಬೆಲ್ಲ, ಸಕ್ಕರೆಗಳ ಹೆಸರಿವೆ. ಇಂಗ್ಲಿಷಿನ ಶುಗರ್ ಎಂಬ ಪದ ಹುಟ್ಟಿದ್ದೇ ನಮ್ಮ ಶರ್ಕರದಿಂದ. ಸಪ್ಪೆ ಕಬ್ಬಿನಿಂದ ಎರಡು ಸಾವಿರ ವರ್ಷ ಯಾರು ಗಾಣ ತಿರುಗಿಸುತ್ತಿದ್ದರು! ತೊಂದರೆ ಬೇರೆಯೇ ಇತ್ತು. ಉತ್ತರದ ನಾಡತಳಿ ಗಟ್ಟಿಮುಟ್ಟು, ಆದರೆ ಸಣಕಲು, ಇಳುವರಿ ಕಡಿಮೆ. ಹೊರಗಿನಿಂದ ತಂದ ದಪ್ಪ ಕಬ್ಬು ಅಲ್ಲಿನ ಚಳಿ, ಬರ, ರೋಗ ತಾಳುತ್ತಿರಲಿಲ್ಲ.

ಹಾಗಾದರೆ ಜಾನಕಿ ಮಾಡಿದ್ದೇನು?

ಕೊಡಗಿನ ಘಟ್ಟ ಇಳಿದು ಸಮುದ್ರದ ಕಡೆ ಹೋದರೆ ಸಿಗುವ ತಲಶ್ಶೇರಿಯಲ್ಲಿ, 1897ರ ನವೆಂಬರ್ 4ರಂದು ಅವರು ಹುಟ್ಟಿದರು. ತೀಯ ಸಮುದಾಯದ ಕುಟುಂಬ, ತಂದೆ ಸಬ್ ಜಡ್ಜ್, ತೋಟ ಮತ್ತು ಹಕ್ಕಿಗಳ ಹುಚ್ಚಿದ್ದ ಮನುಷ್ಯ. ಮನೆ ತುಂಬ ಮಕ್ಕಳು. ಅಕ್ಕಂದಿರ ಮದುವೆಗಳು ಒಂದೊಂದಾಗಿ ಆದವು. ಜಾನಕಿ ಮದ್ರಾಸಿಗೆ ಹೋಗಿ ಕ್ವೀನ್ ಮೇರೀಸ್ ಕಾಲೇಜಿನಲ್ಲಿ, ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು. ಅವರಿಗೂ ಸೋದರ ಸಂಬಂಧದಲ್ಲೇ ಗಂಡು ಗೊತ್ತು ಮಾಡುವ ಮಾತು ನಡೆದಿತ್ತು. ಅಷ್ಟರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಕಬ್ಬಿನ ಬಾರ್ಬರ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಲೀವೈ ಬಾರ್ಬರ್ ಎಂಬುವರು ಏಷ್ಯಾದ ಹೆಣ್ಣುಮಕ್ಕಳ ಉನ್ನತ ಓದಿಗೆಂದೇ ಇಟ್ಟ ಹಣ. ಜಾನಕಿ ಮದುವೆ ಬಿಟ್ಟು ಓದು ಆರಿಸಿಕೊಂಡರು. 1924ರಲ್ಲಿ ಹಡಗು ಹತ್ತಿದರು, ಆಗ ವಯಸ್ಸು ಇಪ್ಪತ್ತಾರು.

ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಅಧಿಕಾರಿಗಳು ಅವರನ್ನು ತಡೆದು ಕೂರಿಸಿದರಂತೆ. ರೇಷ್ಮೆ ಸೀರೆ, ಉದ್ದ ಜಡೆ ನೋಡಿ ಯಾರೋ ಭಾರತದ ರಾಜಕುಮಾರಿ ಇರಬೇಕೆಂದುಕೊಂಡು ಬಿಟ್ಟರಂತೆ. ಇದು ಅವರ ಮನೆಯವರು ಹೇಳಿಕೊಂಡು ಬಂದ ಕಥೆ.

ಇಂದು ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಜೀವವಿಕಾಸ ಮತ್ತು ಪರಿಸರ ವಿಜ್ಞಾನದ ಎಂಎಸ್ಸಿ ಅಂತಲೇ ಕೋರ್ಸುಗಳಿವೆ. ಜಾನಕಿ ಸೇರಿದ್ದು ಸಸ್ಯಶಾಸ್ತ್ರ ವಿಭಾಗಕ್ಕೆ, ಆದರೆ ಕಲಿತ ವಿದ್ಯೆ ಹೆಚ್ಚುಕಡಿಮೆ ಅದೇ. ಅವರ ಗುರು ಹಾರ್ಲಿ ಹ್ಯಾರಿಸ್ ಬಾರ್ಟ್ಲೆಟ್ ಗಿಡಗಳಲ್ಲಿ ಹೊಸ ಪ್ರಭೇದ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು. ಕಾಡಿನ ಜನ ಗಿಡಮರಗಳನ್ನು ಹೇಗೆ ಬಳಸುತ್ತಾರೆ ಎಂಬುದೂ ಅವರ ಆಸಕ್ತಿಯೇ. ಈ ಎರಡೂ ಶಿಷ್ಯೆಗೆ ಜೀವನಪೂರ್ತಿ ಅಂಟಿಕೊಂಡವು. ಮಾಸ್ಟರ್ಸ್ ಮುಗಿಸಿ ಮದ್ರಾಸಿಗೆ ಬಂದು ಮತ್ತೆ ಪಾಠ ಮಾಡಿ, ಪುನಃ ಮಿಶಿಗನ್‌ಗೆ ಹೋಗಿ 1931ರಲ್ಲಿ ಡಿಎಸ್ಸಿ ಪಡೆದರು.

ಅಮೆರಿಕದ 'ಮೊದಲ ಮಹಿಳೆ' ಎಂಬ ಮಾತು ಇಲ್ಲೇ ಬೀಳುತ್ತದೆ. ಮಾರ್ಗರೆಟ್ ಫರ್ಗುಸನ್ ಎಂಬಾಕೆ ಕಾರ್ನೆಲ್‌ನಿಂದ ಸಸ್ಯಶಾಸ್ತ್ರದ ಪಿಎಚ್‌ಡಿ ಪಡೆದದ್ದು 1901ರಲ್ಲೇ. ಆದರೆ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಒಬ್ಬಾಕೆ ಈ ಮಟ್ಟಕ್ಕೆ ಏರಿದ್ದು ಸಾಕಲ್ಲವೇ? ಸುಳ್ಳು ಕಿರೀಟ ಯಾಕೆ ಬೇಕು?

ಅವರು ಕಲಿತು ಬಂದ ಕೆಲಸ ಕ್ರೋಮೋಸೋಮ್ ಎಣಿಸುವುದು. ಪ್ರತಿ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ದಾರದಂಥ ತುಣುಕುಗಳಿವೆ, ಅವೇ ಕ್ರೋಮೋಸೋಮ್. ಮನುಷ್ಯನಲ್ಲಿ 46. ದಪ್ಪ ಕಬ್ಬಿನಲ್ಲಿ 80. ಅದರ ಕಾಡು ಬಂಧುವಿನಲ್ಲಿ ಪ್ರದೇಶಕ್ಕೊಂದರಂತೆ 40ರಿಂದ 128ರವರೆಗೆ ಸಿಗುತ್ತವೆ. ಇಂದು ಹೊಲದಲ್ಲಿರುವ ಮಿಶ್ರತಳಿಗಳಲ್ಲಿ ನೂರರ ಮೇಲೆ. ಈ ಲೆಕ್ಕ ಗೊತ್ತಿದ್ದರೆ ಯಾವ ಹುಲ್ಲು ಯಾವುದರ ನೆಂಟ, ಯಾವುದನ್ನು ಯಾವುದಕ್ಕೆ ಕೂಡಿಸಬಹುದು, ಮರಿ ಗಿಡ ಬಂಜೆಯಾಗುತ್ತದೆಯೇ ಎಂದು ಊಹಿಸಬಹುದು. ಕೊಯಮತ್ತೂರಿನಲ್ಲಿ ಜಾನಕಿ ಕಾಡು ಕಬ್ಬಿನ ಬಗೆಗಳನ್ನು ಹೀಗೆ ಎಣಿಸಿ ವಿಂಗಡಿಸಿದರು. ಕಬ್ಬನ್ನು ಗೋವಿನಜೋಳದ ಜೊತೆ, ಬೇರೆ ಹುಲ್ಲುಗಳ ಜೊತೆ ಕೂಡಿಸಿ ನೋಡಿದರು. ಆ ಗಿಡಗಳು ಗದ್ದೆಗೆ ಬಂದ ತಳಿಗಳಲ್ಲ, ಕಬ್ಬಿನ ವಂಶವೃಕ್ಷ ಬಿಡಿಸಿದ ಪ್ರಯೋಗಗಳು. ತಳಿ ಮಾಡುವವರು ಕುರುಡಾಗಿ ಕೈ ಹಾಕಬೇಕಿಲ್ಲ ಎನ್ನುವಂತಾದದ್ದು ಇಂಥ ಕೆಲಸದಿಂದ. 1935ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತು.

ಆದರೂ ಕೊಯಮತ್ತೂರು ಸುಖದ ಜಾಗವಾಗಿರಲಿಲ್ಲ. ಮದುವೆಯಾಗದ ಹೆಂಗಸು, ಅದರ ಮೇಲೆ ಜಾತಿ, ಎರಡೂ ಅವರಿಗೆ ಅಡ್ಡ ಬಂದವು ಎಂದು ಅವರ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಫಾರ್ವರ್ಡ್‌ಗಳು ಇದನ್ನು ಹೇಳುವುದಿಲ್ಲ.

ಉಗಾರದ ಸಕ್ಕರೆ ಕಂಪನಿ ಹುಟ್ಟಿದ 1939ರಲ್ಲೇ ಜಾನಕಿ ಎಡಿನ್‌ಬರೋದ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದರು. ಯುದ್ಧ ಶುರುವಾಯಿತು, ಅಲ್ಲೇ ಉಳಿದರು. ಲಂಡನ್ನಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಕೆಲಸ. ರಾತ್ರಿ ಬಾಂಬ್ ಬಿದ್ದರೆ ಮಂಚದ ಕೆಳಗೆ, ಬೆಳಿಗ್ಗೆ ಒಡೆದ ಗಾಜು ಗುಡಿಸಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ. 1945ರಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಸೇರಿ ಬೆಳೆಗಿಡಗಳ ಕ್ರೋಮೋಸೋಮ್ ಅಟ್ಲಾಸ್ ಹೊರತಂದರು. ಆಮೇಲೆ ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತೋಟದಲ್ಲಿದ್ದರು. ಅಲ್ಲಿ ಒಂದು ಮ್ಯಾಗ್ನೋಲಿಯಾಕ್ಕೆ ಇಂದಿಗೂ ಅವರದೇ ಹೆಸರು.

1951ರಲ್ಲಿ ನೆಹರೂ ಕರೆದರು, ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯನ್ನು ಹೊಸದಾಗಿ ಕಟ್ಟಲು ವಾಪಸ್ ಬಂದರು. ಬಂದು ನೋಡಿದರೆ ಹೆಚ್ಚು ಧಾನ್ಯ ಬೆಳೆಯುವ ಆತುರದಲ್ಲಿ ಕಾಡು ಕರಗುತ್ತಿತ್ತು. ಒಂದು ಅಪರೂಪದ ಮ್ಯಾಗ್ನೋಲಿಯಾ ಮರ ಹುಡುಕಿ ಶಿಲ್ಲಾಂಗ್‌ನಿಂದ 37 ಮೈಲಿ ಹೋದರೆ, ಆ ಭಾಗದಲ್ಲಿದ್ದ ಅದೊಂದೇ ಮರವನ್ನೂ ಸುಟ್ಟುಹಾಕಿದ್ದರು. 1955ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮನುಷ್ಯ ಭೂಮಿಯನ್ನು ಹೇಗೆ ಬದಲಿಸುತ್ತಿದ್ದಾನೆ ಎಂಬ ದೊಡ್ಡ ವಿಚಾರಗೋಷ್ಠಿ ನಡೆಯಿತು. ಕರೆ ಬಂದ ಏಕೈಕ ಮಹಿಳೆ ಜಾನಕಿ. ಅವರು ಮಾತಾಡಿದ್ದು ಭಾರತದ ಸಣ್ಣ ಜನರ ಬೇಸಾಯ ಮತ್ತು ಅವರಿಗೆ ಗೊತ್ತಿದ್ದ ಗಿಡಗಳ ಬಗ್ಗೆ.

ಎಪ್ಪತ್ತರ ದಶಕದಲ್ಲಿ ಕೇರಳದ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಕುಂತಿಪ್ಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಜಾನಕಿ ಹೋರಾಟಗಾರರ ಜೊತೆ ನಿಂತರು. ಮುಳುಗಲಿದ್ದ ಕಣಿವೆಯ ಗಿಡಗಳ ಕ್ರೋಮೋಸೋಮ್ ಎಣಿಸಿ ದಾಖಲಿಸುವ ಕೆಲಸವನ್ನೂ ಹಚ್ಚಿಕೊಂಡರು. ಮದ್ರಾಸಿನ ಹತ್ತಿರದ ಮಧುರವಾಯಲ್‌ನಲ್ಲಿ 1984ರ ಫೆಬ್ರವರಿ 7ರಂದು, ತಮ್ಮ ಪ್ರಯೋಗಾಲಯದಲ್ಲೇ, ತೀರಿಕೊಂಡರು. ಅಣೆಕಟ್ಟು ಯೋಜನೆ ಅಷ್ಟರಲ್ಲಿ ಕೈಬಿಟ್ಟಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿಯನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು.