ತಲೆ ಎಣಿಸಿದವರು, ಹೆಸರು ಉಳಿಸಿದವರು: ಬಿ.ಎಲ್. ರೈಸ್

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ ಎಂಟನೇ ತರಗತಿಯ ಮಕ್ಕಳಿಗೆ ನಾನು ಒಂದು ಮನೆಗೆಲಸ ಕೊಡುತ್ತಿದ್ದೆ. ನಿಮ್ಮ ನಿಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ ಎಂದು. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬೇಕು. ಮಕ್ಕಳು ರಟ್ಟಿನ ಮೇಲೆ ಹಸಿರು ಮರ ಬಿಡಿಸಿ, ಎಲೆಗಳಲ್ಲಿ ಹೆಸರು ತುಂಬಿ ತರುತ್ತಿದ್ದರು. ಬಹುಪಾಲು ಮರಗಳು ಅಜ್ಜನ ಅಪ್ಪನ ಹತ್ತಿರ ನಿಂತುಬಿಡುತ್ತಿದ್ದವು. ಹೆಣ್ಣುಮಕ್ಕಳ ಹೆಸರು ಅಜ್ಜಿಯಿಂದಾಚೆಗೆ ದಾಟುತ್ತಿರಲಿಲ್ಲ.

ಒಂದು ವರ್ಷ ಒಬ್ಬ ಹುಡುಗಿ ಮುತ್ತಜ್ಜಿಯ ಎಲೆಯನ್ನು ಖಾಲಿ ಬಿಟ್ಟು ತಂದಳು. ಮನೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲವಂತೆ. ಎಲ್ಲರೂ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದರಂತೆ. ಅಷ್ಟಕ್ಕೆ ಬಿಡದೆ ಆ ಹುಡುಗಿ ಕೇಳಿದ್ದು ಬೇರೆಯೇ ಪ್ರಶ್ನೆ. ಹತ್ತು ವರ್ಷಕ್ಕೊಮ್ಮೆ ನೀವು ಮೇಷ್ಟ್ರುಗಳೇ ಮನೆಮನೆಗೆ ಬಂದು ಜನಗಣತಿ ಮಾಡುತ್ತೀರಲ್ಲ ಸಾರ್, ಮುತ್ತಜ್ಜಿಯ ಹೆಸರು ಸರ್ಕಾರದ ಪುಸ್ತಕದಲ್ಲಿ ಇರಲೇಬೇಕಲ್ಲ ಎಂದಳು. 1991ರಲ್ಲಿ ಮತ್ತು 2001ರಲ್ಲಿ ನಾನೂ ಗಣತಿದಾರನಾಗಿ ನಮ್ಮ ಕೇರಿಗಳನ್ನು ಸುತ್ತಿದವನು. ಆದರೂ ಆಗ ಸರಿಯಾದ ಉತ್ತರ ಹೇಳಲು ಬರಲಿಲ್ಲ. ನೋಡಿ ಹೇಳುತ್ತೇನಮ್ಮ ಎಂದೆ. ಆ ನೋಡುವ ಕೆಲಸ ನನ್ನನ್ನು ಬಿ.ಎಲ್. ರೈಸ್ ಅವರ ಬಳಿಗೆ ಕರೆದುಕೊಂಡು ಹೋಯಿತು. ಶಾಸನಗಳ ಪಾಠ ಬಂದಾಗಲೆಲ್ಲ ಅವರ ಹೆಸರು ಹೇಳಿದ್ದೆ. ನಮ್ಮ ಮುತ್ತಜ್ಜಂದಿರ ತಲೆ ಎಣಿಸಿದವರೂ ಅವರೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿಗೆ ಬಂದು, ಕನ್ನಡ ಕಲಿತು, ಐವತ್ತು ವರ್ಷ ಇಲ್ಲೇ ಇದ್ದು, ಇಲ್ಲೇ ತೀರಿಕೊಂಡವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು; ಮಗನದೆಂದು ತಿಳಿದವರು ಬಹಳ ಜನ, ನಾನೂ ಹಾಗೇ ತಿಳಿದಿದ್ದೆ. ತಮ್ಮ ಎಡ್ವರ್ಡ್ ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ಹೀಗೆ ಮನೆ ಪೂರ್ತಿ ಕನ್ನಡದ ನಂಟಿನದು.

ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋದ ರೈಸ್ 1860ರಲ್ಲಿ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಐದು ವರ್ಷಕ್ಕೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್, ಆಮೇಲೆ ವಿದ್ಯಾ ಇಲಾಖೆಯ ಡೈರೆಕ್ಟರ್. ಹೋಬಳಿಗೊಂದು ಸರ್ಕಾರಿ ಶಾಲೆ ಎಂಬ ಯೋಜನೆ 1868ರಲ್ಲಿ ರೂಪುಗೊಂಡದ್ದು ಅವರ ಕೈಯಲ್ಲಿ. ನಗರದಿಂದ ಮೇಷ್ಟರನ್ನು ಕಳಿಸುವ ಬದಲು ಹಳ್ಳಿಯ ಕೂಲಿಮಠಗಳಲ್ಲಿ ಕಲಿಸುತ್ತಿದ್ದವರಂಥವರನ್ನೇ ಕರೆದು ತರಬೇತಿ ಕೊಟ್ಟು ಮತ್ತೆ ಅಲ್ಲೇ ಶಾಲೆ ನಡೆಸಲು ಬಿಡುವ ಆಲೋಚನೆ ಅದರಲ್ಲಿತ್ತು. ಇಂದು ನಾವು ಹೋಬಳಿ ಎಂಬ ಮಾತನ್ನು ಪಹಣಿಯ ಮೇಲೆ ಮಾತ್ರ ಓದುತ್ತೇವೆ. ಆಗ ಅದು ಶಾಲೆಯ ಹೆಸರಿನ ಜೊತೆಗೂ ಬರುತ್ತಿತ್ತು.

ಶಾಲೆ ತನಿಖೆ ಎಂದರೆ ಆ ಕಾಲಕ್ಕೆ ಕುದುರೆಯ ಮೇಲೆ ಊರೂರು ಅಲೆಯುವುದು. ಊರ ಮುಂದಿನ ಕಲ್ಲು, ಕೆರೆ ಏರಿಯ ಕಲ್ಲು, ಗುಡಿಯ ಗೋಡೆ, ಎಲ್ಲೆಲ್ಲೂ ಅಕ್ಷರ. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರ ಸುಮಾರಿಗೆ ಚಿತ್ರದುರ್ಗದ ಕಡೆಯ ಶಾಸನಗಳ ಫೋಟೋ ತೆಗೆದಿದ್ದ. ಅವನ್ನು ಓದಿ ಅರ್ಥ ಹೇಳುವ ಕೆಲಸ ಈ ಕನ್ನಡ ಬಲ್ಲ ಶಿಕ್ಷಣಾಧಿಕಾರಿಯ ಪಾಲಿಗೆ ಬಂತು. ಅದರಿಂದ ಹೊರಬಂದದ್ದು 1879ರ ಮೈಸೂರು ಶಾಸನಗಳ ಪುಸ್ತಕ. ಅದಕ್ಕೂ ಮೊದಲೇ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಬರೆದು ಮುಗಿಸಿದ್ದರು.

ಇಷ್ಟರಲ್ಲಿ ಬರ ಬಂತು. ನಮ್ಮ ಹಿರಿಯರು ಧಾತು ಈಶ್ವರದ ಬರ ಎನ್ನುತ್ತಿದ್ದದ್ದು ಅದೇ, 1876ರಿಂದ 1878ರವರೆಗಿನದು. ಅದು ಕಳೆದ ಮೇಲೆ 1881ರ ಜನಗಣತಿ. ಮೈಸೂರು ಸಂಸ್ಥಾನದಲ್ಲಿ ಅದರ ಮುಖ್ಯಾಧಿಕಾರಿ ರೈಸ್. ಫೆಬ್ರವರಿ 17ರ ರಾತ್ರಿ ಯಾರು ಯಾವ ಮನೆಯಲ್ಲಿದ್ದರು ಎಂಬ ಲೆಕ್ಕ. ಐದು ವಾರ ಕಳೆದು ಮಾರ್ಚ್ 25ಕ್ಕೆ ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದರು. ಅಂದರೆ ಒಪ್ಪಿಸುವ ಮುನ್ನ ಎಣಿಸಿದ ಹಾಗಾಯಿತು. 1871ರ ಗಣತಿಯಲ್ಲಿ ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ 41,86,188. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನ ಕಡಿಮೆ. ಇವರೆಲ್ಲ ಹಸಿವಿನಿಂದಲೇ ಸತ್ತರೆಂದಲ್ಲ. ರೋಗ ಬಂದು ಹೋದವರು, ಊರು ಬಿಟ್ಟವರು, ಹುಟ್ಟದೇ ಉಳಿದ ಮಕ್ಕಳು ಎಲ್ಲ ಸೇರಿದ ಲೆಕ್ಕ. ಆದರೂ ಆರು ಜನರಿದ್ದ ಕಡೆ ಒಬ್ಬರು ಇಲ್ಲವಾದಂತೆ. ಈ ಸಂಖ್ಯೆಗಳನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ನಮ್ಮ ಮಕ್ಕಳು ಕಳೆಯುವ ಲೆಕ್ಕ ಮಾಡಿ ಸುಮ್ಮನಾಗುತ್ತಿದ್ದರು. ಆಮೇಲೆ ಯಾರಾದರೂ ಒಬ್ಬರು, ನಮ್ಮೂರಲ್ಲಿ ಎಷ್ಟು ಸಾರ್ ಎಂದು ಕೇಳುತ್ತಿದ್ದರು.

ಗಣತಿಯ ಹಾಳೆಯಲ್ಲಿ ಹೆಸರು, ವಯಸ್ಸು, ಮದುವೆಯಾಗಿದೆಯೋ ಇಲ್ಲವೋ, ಜಾತಿ, ಮಾತೃಭಾಷೆ, ಹುಟ್ಟಿದ ಊರು, ಕಸುಬು, ಓದು ಬರಹ ಎಲ್ಲಕ್ಕೂ ಜಾಗವಿತ್ತು. ಲೆಕ್ಕ ಕೂಡಿಸಿ ವರದಿ ಅಚ್ಚಾದ ಮೇಲೆ ಆ ಹಾಳೆಗಳಿಂದ ಸರ್ಕಾರಕ್ಕೆ ಕೆಲಸವಿರಲಿಲ್ಲ. ಅವನ್ನು ಇಟ್ಟುಕೊಳ್ಳಲಿಲ್ಲ. ಇಂಗ್ಲೆಂಡಿನಲ್ಲಿ ಅದೇ 1881ರಲ್ಲಿ ನಡೆದ ಗಣತಿಯ ಹೆಸರಿನ ಪಟ್ಟಿಗಳು ಇವತ್ತಿಗೂ ಇವೆ. ಅಲ್ಲಿ ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಅಲ್ಲಿಯ ಒಬ್ಬ ಕಲ್ಲಿದ್ದಲು ಕಾರ್ಮಿಕನ ಮರಿಮಗಳು ತನ್ನ ಮುತ್ತಜ್ಜಿ ಯಾವ ಬೀದಿಯಲ್ಲಿದ್ದಳು, ಮನೆಯಲ್ಲಿ ಎಷ್ಟು ಮಕ್ಕಳಿದ್ದವು ಎಂದು ಓದಿ, ಚರ್ಚಿನ ಮದುವೆ ದಫ್ತರದಲ್ಲಿ ಆಕೆಯ ತಂದೆಯ ಹೆಸರು ಹಿಡಿದು ಇನ್ನೂ ಹಿಂದಕ್ಕೆ ಹೋಗಬಹುದು. ಇಲ್ಲಿದ್ದ ಬಿಳಿಯರಿಗೂ ಆ ಅನುಕೂಲವಿತ್ತು. ಭಾರತದ ಚರ್ಚುಗಳಲ್ಲಿ ನಡೆದ ಅವರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ನಮ್ಮ ಮುತ್ತಜ್ಜಿಯ ಹೆಸರನ್ನು ಯಾರೋ ಒಬ್ಬರು ಬಾಗಿಲಲ್ಲಿ ನಿಂತು ಕೇಳಿ ಬರೆದುಕೊಂಡದ್ದು ನಿಜ, ಆ ಕಾಗದ ಉಳಿಯದೇ ಹೋದದ್ದೂ ನಿಜ. ನಾನು ಆ ಹುಡುಗಿಗೆ ಹೇಳಬೇಕಾಗಿ ಬಂದ ಮೊದಲ ಅರ್ಧ ಉತ್ತರ ಇದು. ಮದುವೆಯ ದಾಖಲೆಯೂ ಹಾಗೇ. ಮದುವೆ ನೋಂದಣಿಗೆಂದು ನಮ್ಮ ರಾಜ್ಯದ ಕಾಯಿದೆ ಬಂದದ್ದೇ 1976ರಲ್ಲಿ. ಅದಕ್ಕೆ ಮೊದಲಿನ ಲಗ್ನಗಳಿಗೆ ಚಪ್ಪರದ ಕೆಳಗೆ ಕೂತವರೇ ಸಾಕ್ಷಿ.

ಉಳಿದರ್ಧ ಉತ್ತರವನ್ನು ಕೊಡುವವರೂ ರೈಸ್ ಅವರೇ.

ಗಣತಿ ಮುಗಿದ ಮೇಲೆ ಅವರು ಹೆಚ್ಚುಹೆಚ್ಚಾಗಿ ಕಲ್ಲಿನ ಕಡೆಗೆ ತಿರುಗಿದರು. 1886ರಲ್ಲಿ ಕೊಡಗಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವಾಗಿ ಬಂತು. 1889ರಲ್ಲಿ ಶ್ರವಣಬೆಳಗೊಳದ್ದು. ಆಮೇಲೆ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು ಹೀಗೆ ಜಿಲ್ಲೆಗಳನ್ನು ಸುತ್ತಿ, ಇಪ್ಪತ್ತು ವರ್ಷಗಳೊಳಗೆ ಹನ್ನೆರಡು ಸಂಪುಟ. ಎಂಟೂವರೆ ಸಾವಿರಕ್ಕೂ ಹೆಚ್ಚು ಶಾಸನ. ಪ್ರತಿಯೊಂದಕ್ಕೂ ತಾಲ್ಲೂಕು, ಊರು, ನಂಬರು. ಮೂಲ ಪಾಠ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ. ಇದು ಒಬ್ಬರ ಕೆಲಸವಲ್ಲ. ಕಲ್ಲು ತೊಳೆದು ಅಚ್ಚು ತೆಗೆದವರು, ಹಳಗನ್ನಡ ಬಿಡಿಸಿ ಹೇಳಿದ ಪಂಡಿತರು ಅನೇಕರು. ಪುಸ್ತಕದ ಬೆನ್ನಿನ ಮೇಲೆ ಅವರ ಹೆಸರಿಲ್ಲ. ಹೆಸರು ಉಳಿಸುವ ಕೆಲಸದಲ್ಲೇ ಹೀಗಾದದ್ದನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟಿಲ್ಲ. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಮಾತ್ರ ಮುಂದೆ ಅವರ ಸ್ಥಾನಕ್ಕೇ ಬಂದು ಕವಿಚರಿತೆಯಿಂದಲೂ ದೊಡ್ಡ ಹೆಸರಾದರು.

ಈ ಕಲ್ಲುಗಳಲ್ಲಿ ಏನಿದೆ? ಅರಸರ ವಂಶಾವಳಿ ಇದ್ದೇ ಇದೆ. ಅದರಲ್ಲಿ ಹುಸಿಯೂ ಇರಬಹುದು. ಗಂಗರ ತಾಮ್ರಪಟಗಳ ವಂಶಾವಳಿ ನಂಬತಕ್ಕದ್ದೋ, ಯಾರೋ ಆಮೇಲೆ ಬರೆಸಿದ ಕೃತಕವೋ ಎಂದು ರೈಸ್ ಅವರಿಗೂ ಮುಂಬೈ ಪ್ರಾಂತದ ಜೆ.ಎಫ್. ಫ್ಲೀಟ್ ಅವರಿಗೂ ವರ್ಷಗಟ್ಟಲೆ ವಾಗ್ವಾದ ನಡೆಯಿತು. ರೈಸ್ ಸ್ವಲ್ಪ ಬೇಗ ನಂಬುವವರು, ಫ್ಲೀಟ್ ಬೇಗ ಸಂಶಯಪಡುವವರು. ನನಗೆ ತೋರುವಂತೆ ಇಬ್ಬರೂ ಬೇಕಾಗಿದ್ದರು. ಆಸ್ತಿ ವ್ಯಾಜ್ಯದಲ್ಲಿ ವಂಶವೃಕ್ಷ ಬರೆಸಿದ ಅನುಭವವಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರಸರಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಶ್ರವಣಬೆಳಗೊಳದ ಒಂದು ಶಾಸನ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತವರನ್ನು ಹೇಳುತ್ತದೆ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಾಗ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಆ ತಾಯಿಯ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ. ಬಲದೇವನ ತಂದೆ ನಾಗವರ್ಮ, ತಾಯಿ ಚಂದಿಕಬ್ಬೆ. ಶಾಂತಲೆಯಿಂದ ಎಣಿಸಿದರೆ ಮುತ್ತಜ್ಜಿಯ ಹೆಸರು ಕಲ್ಲಿನ ಮೇಲಿದೆ! ಅದೂ ತಾಯಿಯ ಕಡೆಯ ಮುತ್ತಜ್ಜಿ. ನಮ್ಮ ಮಕ್ಕಳ ಎಂಟುನೂರು ಹಸಿರು ಮರಗಳಲ್ಲಿ ನಾನು ಅಂಥದ್ದೊಂದನ್ನೂ ಕಂಡಿರಲಿಲ್ಲ.

ಇದು ರಾಣಿಯ ಮನೆ, ಬರೆಸುವ ಶಕ್ತಿ ಇತ್ತು ಎನ್ನಬಹುದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕಲ್ಲು ನೋಡಿ. 1057ರದು, ಚೋಳರ ಆಳ್ವಿಕೆಯ ಕಾಲದ್ದು. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಆಕೆಯನ್ನು ನವಿಲೆನಾಡಿನ ಏಚನಿಗೆ ಕೊಟ್ಟಿತ್ತು. ಏಚ ಮಲ್ಲಯುದ್ಧದಲ್ಲಿ ದಾಯಿಗನೊಬ್ಬನನ್ನು ಕೊಂದ. ಅರಸನ ಅಪ್ಪಣೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಂದರು. ಸುದ್ದಿ ಬಂದಾಗ ದೇಕಬ್ಬೆ ಬೆಂಕಿಗೆ ಬೀಳಲು ನಿಂತಳು. ತಂದೆ ತಾಯಿ ಬಂಧುಗಳು ಬೇಡವೆಂದು ಎಷ್ಟು ಅತ್ತರೂ ಕೇಳಲಿಲ್ಲ. ಆಕೆಯ ನೆನಪಿಗೆ ಕಲ್ಲು ನಿಂತಿತು. ಆ ಸಾವನ್ನು ಇಂದು ಯಾರೂ ಹೊಗಳಲಾರರು, ಹೊಗಳಲೂಬಾರದು. ಆದರೆ ಹಳ್ಳಿಗಾಡಿನ ಒಂದು ಹೆಣ್ಣಿನ ತವರು, ಕೊಟ್ಟ ಮನೆ, ಗಂಡ, ಅವಳನ್ನು ತಡೆದು ಅತ್ತವರು ಇವೆಲ್ಲ ಒಂಬೈನೂರು ವರ್ಷಕ್ಕೂ ಮೇಲ್ಪಟ್ಟು ಉಳಿದು ಬಂದಿವೆ. ಮದುವೆಯ ದಾಖಲೆ ಎಂದರೆ ಇದಕ್ಕಿಂತ ಯಾವುದು ಬೇಕು? 1881ರಲ್ಲಿ 41 ಲಕ್ಷ ಜನರನ್ನು ಎಣಿಸಿ ಒಂದು ಹೆಸರನ್ನೂ ಉಳಿಸಲಾಗದ ಅಧಿಕಾರಿಯೇ ಈ ದೇಕಬ್ಬೆಯ ಹೆಸರನ್ನು ಪುಸ್ತಕಕ್ಕೆ ತಂದವರು.

ಅವರ ಉಳಿದ ಕೆಲಸಗಳನ್ನು ಪಠ್ಯಪುಸ್ತಕದಲ್ಲಿ ಓದಿದ್ದೇವೆ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನ ಕಂಡುಹಿಡಿದದ್ದು, ಪಂಪಭಾರತವನ್ನು ಅಚ್ಚಿಗೆ ತಂದದ್ದು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಇತಿಹಾಸ ಬರೆದರು. ಲಂಡನ್ ಬಳಿಯ ಹ್ಯಾರೋದಲ್ಲಿ 1927ರ ಜುಲೈ 10ರಂದು ತೀರಿಕೊಂಡರು. ಇನ್ನೊಂದು ವಾರ ಇದ್ದಿದ್ದರೆ ತೊಂಬತ್ತು ತುಂಬುತ್ತಿತ್ತು.

ಆ ಹುಡುಗಿಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವಳು ಹತ್ತನೇ ತರಗತಿಗೆ ಬಂದಿದ್ದಳು. ಅವಳ ಅಜ್ಜನ ಮನೆಗೆ ಹೆಳವರು ಬರುವುದುಂಟೇ ಎಂದು ವಿಚಾರಿಸಲು ಹೇಳಿದೆ. ಎತ್ತಿನ ಮೇಲೆ ಬಂದು ಮನೆತನದ ಮೂಲ ಪುರುಷನಿಂದ ಹಿಡಿದು ಹೆಸರು ಒಪ್ಪಿಸಿ ದವಸ ಪಡೆದು ಹೋಗುವ ಅವರನ್ನು ಊರಿನ ಹಿರಿಯರು ಬಲ್ಲರು. ಮುಂಚೆ ಬರುತ್ತಿದ್ದರಂತೆ, ಅಜ್ಜ ಹೋದ ಮೇಲೆ ಬಂದಿಲ್ಲವಂತೆ. ಆಮೇಲೆ ಹೆಡ್‌ಮಾಸ್ಟರ ಅನುಮತಿ ಪಡೆದು ನಮ್ಮ ಶಾಲೆಯ ಮೊದಲ ದಾಖಲಾತಿ ಪುಸ್ತಕವನ್ನು ಬೀರುವಿನಿಂದ ಇಳಿಸಿದೆವು. ರಟ್ಟು ಕಿತ್ತಿತ್ತು, ಅಂಚನ್ನು ಗೆದ್ದಲು ಹಿಡಿದಿತ್ತು. ಶಾಲೆ ತೆರೆದ ಮೊದಲ ವರ್ಷದ ಪಟ್ಟಿಯಲ್ಲಿ ಅವಳ ದೊಡ್ಡಪ್ಪನ ಹೆಸರು ಸಿಕ್ಕಿತು. ಪಕ್ಕದಲ್ಲಿ ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಕು. ಹುಟ್ಟಿದ ತಾರೀಕು ಜೂನ್ 1; ನಮ್ಮೂರಿನ ಅರ್ಧ ಜನ ಹುಟ್ಟಿದ್ದು ಅವತ್ತೇ. ತಾಯಿಯ ಹೆಸರಿಗೆ ಅಂಕಣವೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಅಜ್ಜನ ತಂಗಿಯೊಬ್ಬರು ಬೇರೆ ಊರಿನಲ್ಲಿದ್ದಾರೆಂದು ಹುಡುಕಿಕೊಂಡು ಹೋಗಿ ಬಂದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ. ಎರಡು ಸಲ ಕೂಗಿ ಕೇಳಿದ ಮೇಲೆ ತಮ್ಮ ಅವ್ವನ ಹೆಸರು ಹೇಳಿದರಂತೆ. ಹುಡುಗಿ ಶಾಲೆಗೆ ಬಂದು, ಎರಡು ವರ್ಷದ ಹಿಂದಿನ ಆ ರಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಖಾಲಿ ಬಿಟ್ಟಿದ್ದ ಎಲೆಯಲ್ಲಿ ನೀಲಿ ಶಾಯಿಯಿಂದ ಅದನ್ನು ಬರೆದಳು. ರಟ್ಟು ಇಂದಿಗೂ ನನ್ನ ಬಳಿ ಇದೆ.