ಕುಳ್ಳ ಹುಡುಗರನ್ನ ಕೈಬಿಡಬೇಡಿ: ರಹೀಮ್ ಸಾಹೇಬ್ರ ಕಥೆ ಓದಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಮಗನನ್ನ ಫುಟ್‌ಬಾಲ್ ಕೋಚಿಂಗ್‌ಗೆ ಸೇರಿಸಿರೋ ತುಂಬಾ ಜನಕ್ಕೆ ಒಂದೇ ಚಿಂತೆ. ಹುಡುಗ ಕುಳ್ಳ, ಸಣ್ಣಗೆ ಬೇರೆ ಇದ್ದಾನೆ, ಸೆಲೆಕ್ಷನ್‌ನಲ್ಲಿ ನಿಲ್ತಾನಾ ಅಂತ. ಅಂಥವರು ಸೈಯದ್ ಅಬ್ದುಲ್ ರಹೀಮ್ ಅವರ ಬದುಕನ್ನ ಒಮ್ಮೆ ತಿಳ್ಕೋಬೇಕು. 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತಿರುತ್ತೆ.

1909ರ ಆಗಸ್ಟ್ 17ರಂದು ಹೈದರಾಬಾದ್‌ನಲ್ಲಿ ಹುಟ್ಟಿದ ರಹೀಮ್ ವೃತ್ತಿಯಲ್ಲಿ ಸ್ಕೂಲ್ ಮೇಷ್ಟ್ರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದವರು. ಮುಂದೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಆ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು.

ಮೈಕಟ್ಟಿನಲ್ಲಿ ನಮ್ಮವರು ಯುರೋಪಿನವರಿಗೆ ಸಾಟಿ ಇರಲಿಲ್ಲ. ರಹೀಮ್ ಚಿಕ್ಕ ಚಿಕ್ಕ ಪಾಸ್‌ಗಳ ಆಟ ಕಲಿಸಿದರು. ಡ್ರಿಬಲ್ ಮಾಡೋ ಹಾಗಿಲ್ಲ ಅಂತ ಟೂರ್ನಿ ನಡೆಸಿದರು. ಬಾರದ ಕಾಲಲ್ಲೇ ಆಡಬೇಕು ಅಂತ ಇನ್ನೊಂದು. ಚೆಂಡು ಓಡಿದರೆ ಹುಡುಗರ ದಮ್ಮು ಉಳಿಯುತ್ತೆ. ಸಿಕಂದರಾಬಾದ್‌ನ ಬಡ ಹುಡುಗ ತುಳಸೀದಾಸ್ ಬಲರಾಮ್‌ಗೆ ಪ್ರಾಕ್ಟೀಸ್‌ಗೆ ಬರೋಕೆ ಸೈಕಲ್ ಬಾಡಿಗೆ ಕಾಸನ್ನೂ ಕೊಟ್ಟರು. ಆತ ಮುಂದೆ ಎರಡು ಒಲಿಂಪಿಕ್ಸ್ ಆಡಿದ.

ದಾರಿ ಸಲೀಸಾಗಿರಲಿಲ್ಲ. ಆಗ ನಮ್ಮ ಟೂರ್ನಿಗಳಲ್ಲಿ 90 ನಿಮಿಷಕ್ಕಿಂತ ಕಡಿಮೆ ಆಡುತ್ತಿದ್ದರು, ಎಷ್ಟೋ ಜನ ಬರಿಗಾಲಲ್ಲಿ. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತ, ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್, ಅದೂ 89ನೇ ನಿಮಿಷದಲ್ಲಿ! ಆಮೇಲೆ ಬೂಟು ಕಡ್ಡಾಯವಾಯಿತು.

ರಹೀಮ್ ಅದೇ ಕೆಲಸ ಮುಂದುವರಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಮ್ಯಾಚು ದಕ್ಷಿಣ ಕೊರಿಯಾಗೆ ಸೋತು, ಫೈನಲ್‌ನಲ್ಲಿ ಅದೇ ತಂಡವನ್ನ 2-1ರಿಂದ ಹೊಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಗೆದ್ದು ಒಂಬತ್ತೇ ತಿಂಗಳಿಗೆ, 1963ರ ಜೂನ್ 11ರಂದು, ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ಇವತ್ತು ಅಕಾಡೆಮಿಗಳಲ್ಲಿ ಎತ್ತರ, ತೂಕ ಅಳೀತಾರೆ, ಬೀಪ್ ಟೆಸ್ಟ್ ಓಡಿಸ್ತಾರೆ. ಒಳ್ಳೇದೇ. ದೊಡ್ಡವರ ಮ್ಯಾಚಿನಲ್ಲಿ ಒಬ್ಬ ಆಟಗಾರ ಸುಮಾರು 10 ಕಿಲೋಮೀಟರ್ ಓಡ್ತಾನೆ. ಅದರಲ್ಲಿ ಬಹುಪಾಲು ನಡೆಯೋದು ಉಸಿರಿಂದ ಬರೋ ಆಮ್ಲಜನಕದ ಬಲದಲ್ಲಿ. ಆದರೆ 13 ವರ್ಷದ ಇಬ್ಬರು ಹುಡುಗರನ್ನ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತೆ, ಇನ್ನೊಬ್ಬ ಇನ್ನೂ ಮಗು ಥರ ಇರ್ತಾನೆ. ಬೇಗ ಬೆಳೆದವನು ಇವತ್ತು ಜೋರಾಗಿ ಓಡ್ತಾನೆ, ತಡವಾಗಿ ಬೆಳೆಯೋನು ಎರಡು ಮೂರು ವರ್ಷದಲ್ಲಿ ಸಮಕ್ಕೆ ಬರಬಹುದು. ಟೇಪು ಹಿಡಿದು ಅವನನ್ನ ಈಗಲೇ ಮನೆಗೆ ಕಳಿಸಿದರೆ ಲಾಸು ಆಟಕ್ಕೇ.

ಸೆಲೆಕ್ಷನ್ ದಿನ ಕೋಚ್‌ಗೆ ಒಂದು ಮಾತು ಕೇಳಿ: ಹೋದ ಆರು ತಿಂಗಳಲ್ಲಿ ನನ್ನ ಮಗನ ದಮ್ಮು ಎಷ್ಟು ಹೆಚ್ಚಿದೆ, ಬಾರದ ಕಾಲು ಎಷ್ಟು ಪಳಗಿದೆ? ಎತ್ತರದ ಮಾತು ಆಮೇಲೆ ಇರಲಿ.